ದೆವ್ವ ಮೊದಲು ನನ್ನನ್ನು ಮಾತಾಡಿಸಲಿಲ್ಲ

ದೆವ್ವ ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ನನ್ನ ಓರಗಿತ್ತಿಯನ್ನು. ಅವಳು ನನ್ನ ಗಂಡನ ತಮ್ಮನ ಹೆಂಡತಿ, ಮೊನ್ನೆ ಮೊನ್ನೆ ಮದುವೆಯಾಗಿ ಬಂದವಳು. ನಾನಾದರೋ ಅವಳು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಹುಣಸೆಮರದ ಕೆಳಗೆ ಬೆನ್ನು ಬಗ್ಗಿಸಿದವಳು. ಮರದಲ್ಲಿ ದೆವ್ವ ಅಂತ ಒಂದು ಇದ್ದಮೇಲೆ ಅದಕ್ಕೆ ಹಿರಿಯರು ಕಿರಿಯರು ಅನ್ನುವುದು ಬೇಡವೇ? ನನ್ನನ್ನು ಬಿಟ್ಟು ಅವಳನ್ನು ಕೂಗಿ ಉಪ್ಪು ಕೇಳಿತು. ನನಗೆ ಹೆದರಿಕೆ ಆಗಬೇಕಾದ ಜಾಗದಲ್ಲಿ ಹೊಟ್ಟೆಯುರಿ ಆಯಿತು.

ನಾವು ಕೊಡಿಗೇನಹಳ್ಳಿ ಕಡೆಯವರು. ಶಿವರಾತ್ರಿ ಕಳೆಯಿತು ಅಂದರೆ ಮನೆಗೆ ಬೀಗ. ನಾನು, ನನ್ನ ಗಂಡ, ಮೈದುನ, ಅವನ ಹೆಂಡತಿ, ನಾಲ್ವರೂ ಮೈದುನನ ಲಗೇಜ್ ಆಟೋದಲ್ಲಿ ಗಳ, ಟಾರ್ಪಾಲು, ಗೋಣಿಚೀಲ, ಪಾತ್ರೆಪಡಗ ತುಂಬಿಕೊಂಡು ಮಧುಗಿರಿ, ಕೊರಟಗೆರೆ, ಶಿರಾ ಅಂತ ಊರೂರು ಸುತ್ತಿ ಹುಣಸೆ ಬಡಿಯುತ್ತೇವೆ. ಯುಗಾದಿ ಹೊತ್ತಿಗೆ ವಾಪಸ್ಸು.

ಹುಣಸೆ ಬಡಿಯುವುದು ಅಂದರೆ ಕೋಲು ತಗೊಂಡು ಹೊಡೆಯುವುದು ಅಂದುಕೊಳ್ಳಬೇಡಿ. ಇಬ್ಬನಿ ಆರುವ ತನಕ ಮರ ಮುಟ್ಟಬಾರದು. ತೇವ ಇದ್ದರೆ ತೊಟ್ಟು ಬಿಡುವುದಿಲ್ಲ, ಸಿಪ್ಪೆ ಮೆತ್ತಗಾಗಿ ಹಣ್ಣಿಗೆ ಅಂಟಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಒಂದು ಕಾಯಿ ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಗಲಗಲ ಅಂದರೆ ಮರ ತಯಾರು. ಆಗ ಗಂಡಸರು ಬರಿಗಾಲಲ್ಲಿ ಹತ್ತಿ, ಕೊಂಬೆಯ ಮೇಲೆ ನಿಂತು ಜಾಡಿಸುತ್ತಾರೆ. ಕಾಲು ನಿಲ್ಲದ ತುದಿಗಳನ್ನು ಗಳದಿಂದ ತಟ್ಟುತ್ತಾರೆ. ಸಿಟ್ಟಿನಿಂದ ಬಡಿದರೆ ಮುಂದಿನ ವರ್ಷದ ಚಿಗುರು ಮುರಿದು ಹೋಗುತ್ತದೆ. ಹೆಂಗಸರು ಕೆಳಗೆ ಆಯುತ್ತೇವೆ, ಸಿಪ್ಪೆ ಬಿಡಿಸುತ್ತೇವೆ, ಕುಟ್ಟಿ ಬೀಜ ತೆಗೆಯುತ್ತೇವೆ.

ಇದಕ್ಕೆಲ್ಲ ಮೊದಲು ಒಂದು ಪದ್ಧತಿ ಇದೆ. ಮರದ ಮೊದಲ ಹಣ್ಣು ನೆಲಕ್ಕೆ ಬೀಳಬಾರದು. ಗುಂಪಿನ ಹಿರೀ ಹೆಂಗಸು ಬುಡದಲ್ಲಿ ಸೆರಗು ಹರವಿಕೊಂಡು ಕೂರಬೇಕು. ಮೇಲಿನವರು ಮೊದಲ ಕೊಂಬೆಯನ್ನು ಅವಳ ಮಡಿಲಿಗೇ ಜಾಡಿಸಬೇಕು. ಅವಳು ಅದರಲ್ಲಿ ಒಂದಕ್ಕೆ ಉಪ್ಪು ಹಚ್ಚಿ ಮರದ ಬುಡಕ್ಕಿಟ್ಟು, ಮಿಕ್ಕಿದ್ದನ್ನು ಎಲ್ಲರಿಗೂ ಹಂಚಬೇಕು. ಇದಕ್ಕೆ ಮೊದಲ ಮಡಿಲು ಅನ್ನುತ್ತೇವೆ. ಅತ್ತೆ ತೀರಿಕೊಂಡ ಮೇಲೆ ಮೊದಲ ಮಡಿಲು ನನ್ನದು. ಕೊರಳಿಗೆ ಚಿನ್ನದ ಸರ ಹಾಕುತ್ತೇನೆ ಅಂದರೂ ನಾನು ಅದನ್ನು ಬಿಟ್ಟುಕೊಡುವವಳಲ್ಲ.

ಅಂಥದ್ದರಲ್ಲಿ ಇವಳು ಬಂದಳು. ಪಾವಗಡದ ಆಚೆ, ಆಂಧ್ರದ ಗಡಿಯ ಹುಡುಗಿ. ಮಾತು ಅರ್ಧ ತೆಲುಗು, ಅರ್ಧ ನಗು. ಬಂದ ವರ್ಷವೇ ಸೀರೆ ಎತ್ತಿ ಕಟ್ಟಿಕೊಂಡು ಗಂಡಸರಿಗಿಂತ ಮೊದಲು ಮರ ಹತ್ತಿದಳು. ಊರವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಅದರಲ್ಲಿ ನಾನೂ ಇದ್ದೇನೆ, ಕೆಳಗೆ, ಬೆನ್ನು ಮಾತ್ರ.

ಆ ವರ್ಷ ಶಿರಾ ತಾಲ್ಲೂಕಿಗೆ ಹೋದೆವು. ತಾವರೆಕೆರೆ ದಾಟಿ ಒಂದು ಹಳ್ಳಿ. ಊರಾಚೆ ಹೊಲದ ಬದುವಿನಲ್ಲಿ ಒಂಟಿ ಹುಣಸೆಮರ. ನಾನು ಹುಟ್ಟಿದಾಗಿನಿಂದ ಅಷ್ಟು ದೊಡ್ಡದನ್ನು ನೋಡಿರಲಿಲ್ಲ. ಈ ವರ್ಷದ ಹಣ್ಣಿನ ಜೊತೆಗೆ ಹೋದ ವರ್ಷದ್ದು, ಅದರ ಹಿಂದಿನದ್ದು, ಎಲ್ಲವೂ ಕಪ್ಪಗಾಗಿ ಮರದಲ್ಲೇ ನೇತಾಡುತ್ತಿದ್ದವು. ಒಂದೂ ಉದುರಿಲ್ಲ, ಗಿಣಿ ಕಚ್ಚಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಮರದ ಒಡತಿ ಒಬ್ಬಳು ಅಜ್ಜಿ. ಬಾಯಲ್ಲಿ ಹಲ್ಲಿಲ್ಲ, ನಾಲಿಗೆಯಲ್ಲಿ ಮಾತ್ರ ಹಲ್ಲಿತ್ತು. ಮರ ಸ್ವಲ್ಪ ಮುಂಗೋಪಿ ಅಂದಳು. ಎಷ್ಟೋ ಗುಂಪುಗಳು ಬಂದು ಕೈಚೆಲ್ಲಿ ಹೋದವಂತೆ. ಈ ಸಲವೂ ಹಣ್ಣು ಇಳಿಯದಿದ್ದರೆ ಮರವನ್ನು ಶಿರಾದ ಸಾಮಿಲ್ಲಿಗೆ ಕೊಡುತ್ತಾಳಂತೆ. ಸಾಮಿಲ್ಲಿನವನು ಈ ವಾರವೇ ಬರುವವನಿದ್ದ.

ರಸ್ತೆ ಅಗಲ ಮಾಡಿದಾಗ ಹೋದ ಸಾಲುಮರಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಹುಣಸೆ ನೆಟ್ಟವರು ಹಣ್ಣು ತಿನ್ನುವುದಿಲ್ಲ, ಮೊಮ್ಮಕ್ಕಳು ತಿನ್ನುತ್ತಾರೆ ಅನ್ನುತ್ತಾರೆ. ಅಂಥದ್ದನ್ನು ಒಂದು ಬೆಳಗ್ಗೆಯಲ್ಲಿ ಕೊಯ್ದು ಹಾಕುವುದೇ? ನಾವು ಇಳಿಸಿಕೊಡುತ್ತೇವೆ, ಮರ ಮುಟ್ಟಬೇಡಿ ಅಂತ ನಾನೇ ಮುಂದೆ ಬಿದ್ದು ಮಾತು ಕೊಟ್ಟೆ. ಅಜ್ಜಿ ಮರದ ಕಡೆ ನೋಡಿ ಮೂಗು ಮುರಿದಳು. ಮರಕ್ಕೆ ಯಾರಾದರೂ ಮೂಗು ಮುರಿಯುತ್ತಾರೆಯೇ ಅಂತ ನನಗೆ ಆಶ್ಚರ್ಯವಾಯಿತು.

ಕೆಲಸ ಕೆಟ್ಟದ್ದು ಬುತ್ತಿಯಿಂದ. ಹುಣಸೆಮರದ ಬುಡದಲ್ಲಿ ಇರುವೆ ಜಾಸ್ತಿ. ಬುತ್ತಿಯನ್ನು ನೆಲದ ಮೇಲಿಟ್ಟರೆ ಮಧ್ಯಾಹ್ನಕ್ಕೆ ಮುದ್ದೆಯ ಬದಲು ಇರುವೆ ಉಣ್ಣಬೇಕು. ಅದಕ್ಕೇ ಎಲ್ಲಾದರೂ ತೂಗುಹಾಕುತ್ತೇವೆ. ಮರದ ಕಾಂಡದಲ್ಲಿ ಎದೆಯೆತ್ತರಕ್ಕೆ ಒಂದು ದಪ್ಪ ಕಬ್ಬಿಣದ ಮೊಳೆ ಇತ್ತು, ಗಾಡಿಗೆ ಹೊಡೆಯುವಂಥದ್ದು. ನಾನು ಮೊದಲು ನೋಡಿದೆ, ನನ್ನ ಬುತ್ತಿ ನೇತುಹಾಕಿದೆ. ನೀರು ತರಲು ಹೋಗಿ ಬರುವಷ್ಟರಲ್ಲಿ ಓರಗಿತ್ತಿಯ ಬುತ್ತಿ ನನ್ನದರ ಮೇಲೆ ಕೂತಿತ್ತು. ನನ್ನ ರೊಟ್ಟಿ ಅವಳ ಮುದ್ದೆಯ ಕೆಳಗೆ ಜಜ್ಜಿಹೋಗಬೇಕೇ? ಅವಳದ್ದನ್ನು ತೆಗೆಯಲು ಎಳೆದೆ. ಗಂಟು ಸಿಕ್ಕಿಕೊಂಡಿತ್ತು. ಇನ್ನೂ ಜೋರಾಗಿ ಎಳೆದೆ.

ಬುತ್ತಿ ಬಂತು, ಮೊಳೆಯೂ ಬಂತು. ಅದಕ್ಕೆ ಉದ್ದನೆಯ ನರೆಗೂದಲು ಸುತ್ತಿಕೊಂಡಿತ್ತು.

ಮರಕ್ಕೆ ಮೊಳೆ ಯಾಕೆ ಹೊಡೆಯುತ್ತಾರೆ ಅನ್ನುವುದು ನಮ್ಮ ಕಡೆ ಹಾಲುಕುಡಿಯುವ ಮಗುವಿಗೂ ಗೊತ್ತು. ದೆವ್ವವನ್ನು ಕಟ್ಟಿಹಾಕಲು. ನಾನು ಸುಮ್ಮನೆ ಮೊಳೆಯನ್ನು ತೂತಿಗೆ ಒತ್ತಿ ನೋಡಿದೆ. ನಿಲ್ಲಲಿಲ್ಲ. ಮೇಲಿನಿಂದ ಯಾರೋ ಬಹಳ ಹೊತ್ತು ಬಿಗಿಹಿಡಿದ ಉಸಿರು ಬಿಟ್ಟ ಹಾಗಾಯಿತು. ಗಾಳಿ ಅಂದುಕೊಂಡೆ. ಪಕ್ಕದ ಹೊಲದ ಜಾಲಿಗಿಡದ ಒಂದು ಎಲೆಯೂ ಅಲ್ಲಾಡಿರಲಿಲ್ಲ.

ಬಿಸಿಲೇರಿತು. ನಾನು ಸೆರಗು ಹರವಿ ಕೂತೆ. ಗಂಡ ಹತ್ತಿ ಮೊದಲ ಕೊಂಬೆ ಜಾಡಿಸಿದರು. ಕಾಯಿಗಳೆಲ್ಲ ಗಲಗಲ ಅಂದವು, ಒಂದೂ ಬೀಳಲಿಲ್ಲ. ಕುಣಿದು ಜಾಡಿಸಿದರು. ಗಲಗಲ ಇನ್ನೂ ಜೋರಾಯಿತು. ಆ ಸದ್ದನ್ನು ಕೇಳುತ್ತಾ ಕೇಳುತ್ತಾ ನನಗೆ ಅದು ನಗು ಅಂತ ಗೊತ್ತಾಯಿತು. ಗಂಡ ಇಳಿದು ಬಂದು, ಮರಕ್ಕೆ ಏನೋ ಕಾಯಿಲೆ ಅಂದರು. ಮರಕ್ಕೆ ಬೆನ್ನು ಕೊಡದೆ ಹಿಂದಕ್ಕೆ ಹಿಂದಕ್ಕೆ ಸರಿದರು.

ಆಮೇಲೆ ಮೈದುನ. ಅವನ ಮೀಸೆ ನೋಡಿದರೆ ಪೊಲೀಸರೂ ದಾರಿ ಬಿಡುತ್ತಾರೆ. ದೆವ್ವವಂತೆ ದೆವ್ವ ಅಂತ ಬೈಯುತ್ತಾ ಗಳ ಹಿಡಿದು ಹತ್ತಿದ. ಎರಡನೇ ಕವಲಿಗೆ ಕಾಲಿಡುವಷ್ಟರಲ್ಲಿ ಒಂದು ಕಾಯಿ ಬಂದು ಹಣೆಗೆ ಟಪ್ಪನೆ ಹೊಡೆಯಿತು. ಬಿದ್ದದ್ದಲ್ಲ, ಎಸೆದದ್ದು, ಅಡ್ಡಡ್ಡಲಾಗಿ ಬಂತು. ಅವನ ತಲೆಯ ಟವೆಲ್ಲು ತಾನೇ ಬಿಚ್ಚಿಕೊಂಡು ಮೇಲೆ ಮೇಲೆ ಹೋಗಿ ತುತ್ತತುದಿಯ ಕೊಂಬೆಗೆ ಗಂಟು ಹಾಕಿಕೊಂಡಿತು, ನೀಟಾಗಿ, ಎರಡು ಸುತ್ತು. ಮೈದುನ ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಆಟೋದೊಳಗೆ ಕೂತು ಗಾಜು ಏರಿಸಿಕೊಂಡ. ಲಗೇಜ್ ಆಟೋಕ್ಕೆ ಒಂದೇ ಕಡೆ ಗಾಜಿತ್ತು, ಆ ಕಡೆಗೆ ಒತ್ತಿಕೊಂಡು ಕೂತ.

ಮಟಮಟ ಮಧ್ಯಾಹ್ನ. ಓರಗಿತ್ತಿ ಮಾತ್ರ ಏನೂ ಆಗದವಳಂತೆ ಮರದ ಕೆಳಗೆ ಕಾಲುನೀಡಿ ಮುದ್ದೆ ಉಣ್ಣುತ್ತಿದ್ದಳು. ನಾನು ಸ್ವಲ್ಪ ದೂರದಲ್ಲಿ ಜಜ್ಜಿದ ರೊಟ್ಟಿ ಹಿಡಿದು ಕೂತಿದ್ದೆ. ಆಗ ಕೇಳಿಸಿತು. ಒಣಗಿದ ಕಾಯಿ ಅಲ್ಲಾಡಿಸಿದಂಥ ಗಂಟಲು.

“ಮಗಾ, ಒಂಚೂರು ಉಪ್ಪು ಐತಾ?”

ಅವಳು ತಲೆ ಎತ್ತಿ ನೋಡಿದಳು. ಕಿರುಚಲಿಲ್ಲ. ಎಲೆಯ ಮೇಲಿನ ಉಪ್ಪನ್ನು ಅಂಗೈಗೆ ಹಾಕಿಕೊಂಡು ಮೇಲಕ್ಕೆತ್ತಿ ಹಿಡಿದಳು. ಉಪ್ಪು ಮಾಯವಾಯಿತು. ಒಂದು ಕಾಯಿ, ಕುಡುಗೋಲಿನಂತೆ ಬಾಗಿದ, ಒಡಕಿಲ್ಲದ ಒಂದು ಕಾಯಿ, ನಿಧಾನವಾಗಿ ಇಳಿದು ಬಂದು ಅವಳ ಮಡಿಲಿಗೆ ಬಿತ್ತು.

ಮೊದಲ ಮಡಿಲು. ನನ್ನದು. ಅವಳಿಗೆ.

“ಅಕ್ಕಯ್ಯಾ, ಉಪ್ಪು ಕಾವಾಲಂಟಾ ಈ ಯಮ್ಮನಿಗೆ,” ಅಂದಳು ನನ್ನ ಕಡೆ ತಿರುಗಿ, ಪಕ್ಕದ ಮನೆಯವರು ಉಪ್ಪು ಕೇಳಲು ಬಂದಿದ್ದಾರೆ ಅನ್ನುವ ಹಾಗೆ.

ಆ ಮಧ್ಯಾಹ್ನವೆಲ್ಲ ಅವರಿಬ್ಬರದ್ದೇ ಮಾತು. ಅವಳ ತವರು, ಅವಳ ಅಮ್ಮ ಮಾಡುವ ಕಡಲೆಕಾಯಿ ಚಟ್ನಿ, ಮದುವೆ ಸೀರೆಯ ಬಣ್ಣ. ನಾನು ಹತ್ತಿರ ಹೋದರೆ ಮೇಲೆ ಸೂಜಿ ಬಿದ್ದರೂ ಕೇಳುವಷ್ಟು ಮೌನ. ನಾನು ಸೋಲುವವಳೇ? ಮೆಣಸಿನಪುಡಿ ಬೆರೆಸಿದ ಒಳ್ಳೇ ಉಪ್ಪು ತಂದು ಅಂಗೈ ಎತ್ತಿ ಹಿಡಿದೆ. ತೋಳು ಸೋಲುವ ತನಕ ಹಿಡಿದೆ. ಕೊನೆಗೆ ಮೇಲೆ ಆಕ್ಷೀ ಅಂತ ಒಂದು ಸೀನು ಕೇಳಿಸಿತು, ಅಂಗೈಯ ಖಾರವೆಲ್ಲ ನನ್ನ ಮುಖಕ್ಕೇ ಹಾರಿತು. ಹಿಂದೆಯೇ ಹುಳ ಹಿಡಿದ ಒಂದು ಕಾಯಿ ನೆತ್ತಿಗೆ ಬಿತ್ತು. ಕಣ್ಣಲ್ಲಿ ನೀರು ಬಂತು. ಅರ್ಧ ಖಾರಕ್ಕೆ, ಅರ್ಧ ಅವಮಾನಕ್ಕೆ.

ಮರುದಿನ ಓರಗಿತ್ತಿಯೇ ಹತ್ತುತ್ತೇನೆ ಅಂದಳು. ಬೇಡ ಅನ್ನಲು ನನಗೆ ಕಾರಣ ಸಿಗಲಿಲ್ಲ. ಕೊಂಬೆಗಳು ಅವಳ ಕಾಲಿನ ಕೆಳಗೆ ತಾವೇ ಬಗ್ಗಿಕೊಟ್ಟವು. ಅವಳು ಜಾಡಿಸಿದರೆ ಹಣ್ಣು ಧಾರಾಳವಾಗಿ ಉದುರಿತು. ನಾನು ಸೆರಗು ಹರವಿಕೊಂಡು ಕೂತಿದ್ದೆ. ನನ್ನ ಎಡಕ್ಕೆ ಬಿತ್ತು, ಬಲಕ್ಕೆ ಬಿತ್ತು, ಬೆನ್ನ ಹಿಂದೆ ಬಿತ್ತು. ಮಡಿಲಿಗೆ ಒಂದೂ ಬೀಳಲಿಲ್ಲ. ಎದ್ದು ನೋಡಿದರೆ ನಾನು ಕೂತಿದ್ದ ಜಾಗ ಗುಡಿಸಿಟ್ಟಂತೆ ಖಾಲಿ.

ಆದರೂ ಕೆಲಸ ಆಯಿತಲ್ಲ ಅಂತ ಹಲ್ಲು ಕಚ್ಚಿಕೊಂಡು ಆಯ್ದೆ. ಸಂಜೆಗೆ ಚೀಲಗಳನ್ನು ಅಜ್ಜಿಯ ಅಂಗಳಕ್ಕೆ ಹೊತ್ತು ಹಾಕಿದೆವು. ಬೆಳಗ್ಗೆ ಎದ್ದರೆ ಚೀಲಗಳು ಕಟ್ಟಿದ ಬಾಯಿ ಕಟ್ಟಿದಂತೆಯೇ ಇವೆ, ಒಳಗೆ ಏನೂ ಇಲ್ಲ. ಓಡಿಹೋಗಿ ಮರ ನೋಡಿದೆವು. ಇಳಿಸಿದ ಹಣ್ಣೆಲ್ಲ ಕೊಂಬೆಗಳಲ್ಲಿ ವಾಪಸ್ಸು ನೇತಾಡುತ್ತಿತ್ತು. ಅವಸರದಲ್ಲಿ ಹಾಕಿದ್ದಿರಬೇಕು, ಎಲ್ಲವೂ ತಲೆಕೆಳಗು. ತೊಟ್ಟು ಕೆಳಗೆ, ತುದಿ ಮೇಲೆ.

ನನ್ನ ಗಂಡ ಆ ಮರವನ್ನು ಬಹಳ ಹೊತ್ತು ನೋಡಿದರು. “ಗಂಟು ಕಟ್ಟು, ಊರಿಗೆ ಹೋಗೋಣ ನಡಿ,” ಅಂದರು.

ಅಷ್ಟರಲ್ಲಿ ಸಾಮಿಲ್ಲಿನವನು ಬೈಕಿನಲ್ಲಿ ಬಂದಿಳಿದ. ಸುತ್ತಳತೆ ನೋಡಲು ಕಾಂಡಕ್ಕೆ ಟೇಪು ಸುತ್ತಿದ. ಟೇಪು ಸುತ್ತಿದಷ್ಟೂ ಸಾಲಲಿಲ್ಲ. ತಲೆ ಎತ್ತಿದರೆ ಅದರ ಇನ್ನೊಂದು ತುದಿ ಮೈದುನನ ಟವೆಲ್ಲಿನ ಪಕ್ಕ ಗಾಳಿಯಲ್ಲಿ ಆಡುತ್ತಿತ್ತು. ಯಾ ಅಲ್ಲಾ ಅಂತ ಎರಡು ಹೆಜ್ಜೆ ಹಿಂದೆ ಹೋದ. ಆದರೆ ಧೈರ್ಯಸ್ಥ. ಅಳತೆ ಇಲ್ಲದಿದ್ದರೆ ಪರವಾ ಇಲ್ಲ, ನಾಳೆ ಮೆಷಿನ್ ತರುತ್ತೇನೆ, ಮೆಷಿನ್ನಿಗೆ ಶೈತಾನು ಗೀತಾನು ಗೊತ್ತಾಗಲ್ಲ ಅಂತ ಅಜ್ಜಿಗೆ ಹೇಳಿ ಹೋದ. ಅಜ್ಜಿ ಹೂಂ ಅಂದಳು. ಅಂದು, ಮರದ ಕಡೆ ತಿರುಗಿ ಮತ್ತೆ ಮೂಗು ಮುರಿದಳು.

ಈ ಸಲ ನನಗೆ ಹೊಳೆಯಿತು. ಆ ಮೂಗು ಮುರಿಯುವುದು ನನಗೆ ಚೆನ್ನಾಗಿ ಗೊತ್ತು. ವಿಡಿಯೋ ನೋಡಿದಾಗಲೆಲ್ಲ ನಾನು ಹಾಗೇ ಮುರಿಯುತ್ತೇನೆ.

ಅಜ್ಜಿಯ ಜಗುಲಿಗೆ ಹೋಗಿ ಕೂತೆ. ಮರದ ಮೇಲಿರುವುದು ನಿಮ್ಮ ಓರಗಿತ್ತಿ ತಾನೇ ಅಂತ ನೇರವಾಗಿ ಕೇಳಿದೆ. ಅಜ್ಜಿ ಎಲೆಅಡಿಕೆ ಕುಟ್ಟುತ್ತಿದ್ದ ಕೈ ನಿಲ್ಲಿಸಿದಳು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಹೌದು, ಓರಗಿತ್ತಿ, ಭಾವನ ಹೆಂಡತಿ, ಮನೆಯ ಹಿರೀಸೊಸೆ. ಇರುವಷ್ಟು ದಿನ ಆ ಮರದ ಮೊದಲ ಮಡಿಲು ಅವಳದ್ದು. ಅವಳು ಸತ್ತ ವರ್ಷ ಈ ಅಜ್ಜಿ ಹೇಳದೆ ಕೇಳದೆ ಬುಡದಲ್ಲಿ ಹೋಗಿ ಸೆರಗು ಹರವಿ ಕೂತಳಂತೆ. ಒಂದು ಹಿಡಿ ಹಣ್ಣು ಸತ್ತವಳ ಹೆಸರಲ್ಲಿ ಇಡಲಿಲ್ಲವಂತೆ. ಆ ದಿನದಿಂದ ಮರ ಅಜ್ಜಿಯ ತಲೆಗೆ ಗುರಿಯಿಟ್ಟು ಹೊಡೆಯಲು ಶುರುಮಾಡಿತು. ಅಜ್ಜಿ ಕೊರಟಗೆರೆ ಕಡೆಯಿಂದ ಮಂತ್ರವಾದಿಯನ್ನು ಕರೆಸಿ, ಸತ್ತವಳ ಬಾಚಣಿಗೆಯ ಕೂದಲು ಸುತ್ತಿ ಮೊಳೆ ಹೊಡೆಸಿದಳು. ಹೊಡೆತ ನಿಂತಿತು. ಹಣ್ಣು ಉದುರುವುದೂ ನಿಂತಿತು.

ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ ಅನ್ನುತ್ತಾರಲ್ಲ, ಹೊಟ್ಟೆಕಿಚ್ಚಿಗೂ ಹಾಗೇ ಮುಪ್ಪಿಲ್ಲ. ಸತ್ತರೂ ಇಲ್ಲ.

ಮಧ್ಯಾಹ್ನ ಒಬ್ಬಳೇ ಮರದ ಹತ್ತಿರ ಹೋದೆ. ಉಪ್ಪು ತಗೊಂಡು ಹೋಗಲಿಲ್ಲ. ಬುಡದಲ್ಲಿ ಕೂತು, ಮೇಲೆ ನೋಡದೆ, ಸುಮ್ಮನೆ ಹೇಳಿದೆ.

“ಅಕ್ಕಾ, ನಂಗೂ ಒಬ್ಳು ಅವ್ಳೆ.”

ಆಮೇಲೆ ಒಣ ಎಲೆಗಳು ಸರಿದವು.

“ಮರ ಹತ್ತುತಾಳಲ್ಲ, ಅವ್ಳಾ?”

“ಹೂಂ.”

“ಒಳ್ಳೇ ಮಗ ಕಣಮ್ಮಿ.”

“ಅದೇ ಅಲ್ವಾ ಕಷ್ಟ,” ಅಂದೆ. “ಕೆಟ್ಟೋಳಾಗಿದ್ರೆ ಬೈಕಂಡು ಇರ್ಬೋದಿತ್ತು.”

ಮೇಲೆ ಗಲಗಲ ಸದ್ದಾಯಿತು. ಈ ಸಲ ನನ್ನನ್ನು ನೋಡಿ ನಕ್ಕಿದ್ದಲ್ಲ, ನನ್ನ ಜೊತೆ ನಕ್ಕಿದ್ದು. ನನ್ನ ಹೆಗಲ ಮೇಲೆ ತಣ್ಣಗೆ ಏನೋ ಕೂತ ಹಾಗಾಯಿತು. ಈಗ ಹೆದರಿಕೆಯಾಯಿತು ನೋಡಿ. ಆದರೂ ಏಳಲಿಲ್ಲ. ನಾಳೆ ಮೆಷಿನ್ ಬರುತ್ತದೆ, ನಿನಗೇನು ಬೇಕು ಹೇಳು ಅಂದೆ. ಹಣ್ಣು ಬೇಡವಂತೆ, ಕೋಳಿ ಬೇಡವಂತೆ. ಆ ಕಿರಿಯಳು, ಅಂದರೆ ಅಜ್ಜಿ, ಬಂದು ಮೊದಲ ಮಡಿಲು ನಿಂದೇ ಕಣಕ್ಕ ಅಂತ ಬಾಯಿಬಿಟ್ಟು ಹೇಳಬೇಕಂತೆ. ಅಷ್ಟೇ. ಒಂದು ಮಾತು.

ಮರುದಿನ ಬೆಳಗ್ಗೆ ಅಜ್ಜಿಯ ಮುಂದೆ ಆ ಒಂದು ಮಾತನ್ನಿಟ್ಟೆ. ಅಜ್ಜಿ ಕೆಂಡವಾದಳು. ತಾನು ಆ ಮನೆಗೆ ಕಾಲಿಟ್ಟ ದಿನದಿಂದ ಅವಳು ಒಂದು ದಿನ ಚೆನ್ನಾಗಿ ಮಾಡಿದೆ ಅಂದಿಲ್ಲವಂತೆ. ಸಾರು ಮಾಡಿದರೆ ಉಪ್ಪು ಕಮ್ಮಿ, ರಂಗೋಲಿ ಹಾಕಿದರೆ ಸೊಟ್ಟ. ಬೇಕಾದರೆ ಮರ ಹೋಗಲಿ, ತಾನು ಹೇಳುವುದಿಲ್ಲ. ಸತ್ತ ಮೇಲೂ ಅವಳದ್ದೇ ಮೇಲಾಗಬೇಕಾ?

ಊರಾಚೆಯಿಂದ ಟ್ರ್ಯಾಕ್ಟರಿನ ಸದ್ದು ಬಂತು. ಹಿಂದೆ ಟ್ರೈಲರು, ಅದರಲ್ಲಿ ಕೊಯ್ಯುವ ಮೆಷಿನ್ನು. ನಾನು ಅಜ್ಜಿಯ ಕೈ ಹಿಡಿದು ಬೇಡಿಕೊಂಡೆ. ಸಣ್ಣ ಮಾತು, ನಾಲಿಗೆ ಸವೆಯುತ್ತದಾ, ಹೇಳಿಬಿಡಿ ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಸಣ್ಣ ಮಾತಾ? ಮೂರು ದಿನದಿಂದ ನೋಡ್ತಾ ಇವ್ನಿ ಕಣಮ್ಮಿ ನಿನ್ ಮುಖಾನ. ಹೋಗಿ ನಿನ್ ಓರಗಿತ್ತಿಗೆ ಮೊದಲ ಮಡ್ಲು ಬುಟ್ಟುಕೊಡು ಮೊದ್ಲು. ನೀನು ಯೋಳು, ಆಮ್ಯಾಕೆ ನಾನು ಯೋಳ್ತೀನಿ.”

ನಿಮಗೆ ತಮ್ಮ ತಂಗಿ ಇದ್ದರೆ ನನ್ನ ಸಂಕಟ ಅರ್ಥವಾದೀತು. ಅಜ್ಜಿಯನ್ನೂ ಕರೆದುಕೊಂಡು ಮರದ ಬುಡಕ್ಕೆ ಬಂದೆ, ಅಲ್ಲಿ ಎಲ್ಲರೂ ಇದ್ದರು. ಗಂಡ, ಗಾಜಿನ ಕಡೆಯಿಂದ ಇಳಿದು ಬಂದ ಮೈದುನ, ಮೆಷಿನ್ನಿನ ಹಗ್ಗ ಕೈಗೆ ಸುತ್ತಿಕೊಳ್ಳುತ್ತಿದ್ದ ಸಾಮಿಲ್ಲಿನವನು. ಓರಗಿತ್ತಿ ಮರವನ್ನು ತಬ್ಬಿಕೊಂಡು ನಿಂತಿದ್ದಳು, ಕೆನ್ನೆಯ ಮೇಲೆ ಕಣ್ಣೀರು. ಖಾಲಿಯಾದ ಚೀಲಗಳಿಗೆ ಅಳಲಿಲ್ಲ, ದೆವ್ವದ ಮನೆ ಹೋಗುತ್ತದಲ್ಲ ಅಂತ ಅಳುತ್ತಿದ್ದಳು. ಅದನ್ನು ನೋಡಿಯೂ ನನಗೆ ಉರಿಯಿತು. ಅಳುವುದರಲ್ಲೂ ನನಗಿಂತ ಮುಂದೆ.

ಅತ್ತೆ ಸಾಯುವ ಮುಂಚೆ ನನ್ನ ಕೈಗೆ ಕೊಟ್ಟದ್ದು ಅದೊಂದೇ. ಆ ಬುಡದಲ್ಲಿ ಕೂತಾಗ ಮಾತ್ರ ನನ್ನ ಗಂಡ, ಮೈದುನ, ಊರವರು ಎಲ್ಲರೂ ನನ್ನ ಕಡೆ ನೋಡುತ್ತಾರೆ. ಅದನ್ನು ಕೊಟ್ಟರೆ ನಾನು ಯಾರು? ಬರೀ ಬೆನ್ನು. ಮೆಷಿನ್ನಿನ ಹಗ್ಗ ಎಳೆದ ಸದ್ದಾಯಿತು. ಹತ್ತಲಿಲ್ಲ. ಇನ್ನೊಮ್ಮೆ ಎಳೆದ.

“ಲೇ,” ಅಂದೆ ಓರಗಿತ್ತಿಗೆ. ಸೆರಗಿನ ತುದಿ ನೋಡುತ್ತಾ ಮೆಲ್ಲಗೆ ಹೇಳಿದೆ. “ಮೊದಲ ಮಡ್ಲು ಇನ್ಮ್ಯಾಕೆ ನಿಂದು.”

“ಜೋರಾಗ್ ಯೋಳಮ್ಮಿ, ಕೇಳುಸ್ಲಿಲ್ಲ,” ಅಂತ ಮರ ಹೇಳಿತು.

ಸಾಮಿಲ್ಲಿನವನ ಕೈಯಿಂದ ಹಗ್ಗ ಜಾರಿತು.

“ಮೊದಲ ಮಡ್ಲು ಅವಳ್ದು,” ಅಂತ ನಾನು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಕೂಗಿದ ಮೇಲೆ ಉಳಿದದ್ದೂ ಬಂದುಬಿಟ್ಟಿತು. “ನನ್ನೋಡಿ ಅವ್ಳು ಕಲೀಬೇಕಿತ್ತು, ಅವಳ್ನೋಡಿ ನಾನು ಉರ್ಕಂಡೆ. ಅವ್ಳಂಗೆ ಮರ ಹತ್ತೋರ್ನ ನಾನು ಈ ಸೀಮೇಲೇ ನೋಡಿಲ್ಲ.”

ಓರಗಿತ್ತಿ ಮರ ಬಿಟ್ಟು ನನ್ನನ್ನು ನೋಡಿದಳು. ನನ್ನ ಕಿವಿ ಕಾದ ಹಂಚಿನಂತಾಗಿತ್ತು. ಅಜ್ಜಿಯ ಕಡೆ ತಿರುಗಿದೆ. ನನ್ನದಾಯಿತು, ಈಗ ನಿಮ್ಮದು ಅಂದೆ.

ಅಜ್ಜಿ ತಿರುಗಿ ಮನೆಯ ಕಡೆ ನಡೆದಳು. ತಪ್ಪಿಸಿಕೊಂಡಳು ಅಂದುಕೊಂಡೆ. ಬರುವಾಗ ಕೈಯಲ್ಲಿ ಒಂದು ಹಳೇ ಸೀರೆ ಇತ್ತು, ಕೆಂಪು ಅಂಚಿನದ್ದು, ನುಸಿಗುಳಿಗೆಯ ವಾಸನೆ. ಅಷ್ಟು ದ್ವೇಷದಲ್ಲೂ ಸತ್ತವಳ ಸೀರೆಯನ್ನು ಹುಳ ತಿನ್ನದಂತೆ ಇಟ್ಟುಕೊಂಡಿದ್ದಾಳೆ. ಬುಡದಲ್ಲಿ ಅದನ್ನು ಬಿಡಿಸಿ, ಯಾರೋ ಕೂತವರ ಮಡಿಲಿನ ಆಕಾರಕ್ಕೆ ಮಡಿಸಿ ಹರವಿದಳು. ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

“ಅಕ್ಕಾ,” ಅಂದಳು. ಅಷ್ಟು ಉದ್ದದ ನಾಲಿಗೆಯವಳು ಸೀರೆಯ ಮಡಿಕೆಯನ್ನು ಮತ್ತೊಮ್ಮೆ ಸರಿಮಾಡಿದಳು. “ಮೊದಲ ಮಡ್ಲು ನಿಂದೇ ಕಣಕ್ಕ. ನಾನು ಕೇಳ್ದಲೆ ಕೂತ್ಕಂಡೆ.”

ಕೊಂಬೆಯೊಂದು ಬಗ್ಗಿತು. ಒಂದು ಕಾಯಿ ಸೀರೆಯ ಮೇಲೆ ಬಿತ್ತು. ಇನ್ನೊಂದು ಕಾಯಿ, ಅಜ್ಜಿಯ ಮಡಿಲಿಗೆ.

“ರಂಗೋಲಿ ಚೆಂದಾಗಿ ಹಾಕ್ತಿದ್ದೆ ಕಣೆ ನೀನು,” ಅಂತು ಮರ. “ನಾನು ಯೋಳ್ಲಿಲ್ಲ.”

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಮರ ಒಮ್ಮೆ ಮೈ ಒದರಿತು. ಯಾರೂ ಹತ್ತಿರಲಿಲ್ಲ, ಯಾರೂ ಗಳ ಮುಟ್ಟಿರಲಿಲ್ಲ. ಇಷ್ಟು ವರ್ಷಗಳ ಹಣ್ಣೆಲ್ಲ ಒಟ್ಟಿಗೆ ಸುರಿಯಿತು. ಆಟೋದ ತಗಡಿನ ಮೇಲೆ, ಟ್ರ್ಯಾಕ್ಟರಿನ ಮೇಲೆ, ಸಾಮಿಲ್ಲಿನವನ ತಲೆಯ ಮೇಲೆ ಧಬಧಬ ಬಿತ್ತು. ಮೈದುನ ಟಾರ್ಪಾಲಿನ ಅಡಿಗೆ ನುಗ್ಗಿದ. ಹಣ್ಣು ನಿಂತ ಮೇಲೆ ನೋಡಿದರೆ ನಮ್ಮ ಮೊಣಕಾಲವರೆಗೂ ಹುಣಸೆ. ಕೊನೆಗೆ ಟವೆಲ್ಲೂ ಟೇಪೂ ತೇಲಿಕೊಂಡು ಇಳಿದವು, ಟೇಪು ಚೊಕ್ಕವಾಗಿ ಸುತ್ತಿಕೊಂಡು.

ಸಾಮಿಲ್ಲಿನವನು ಕಾಲೆತ್ತಿ ಕಾಲಿಟ್ಟು ಹೊರಗೆ ಬಂದ. ಅಜ್ಜಿ ಮರ ಕೊಡುವುದಿಲ್ಲ ಅಂದಳು. ಬೇಡಮ್ಮಾ ಬೇಡ, ಈ ಮರ ಕೊಯ್ದರೆ ನಮ್ಮ ಮೆಷಿನ್ನೇ ಎರಡು ತುಂಡು ಅಂದ. ಹೋಗುವಾಗ ಮಾತ್ರ ಮನೆಯಲ್ಲಿ ಕೇಳಿದ್ದಾರೆ ಅಂತ ಒಂದು ಚೀಲ ಹಣ್ಣು ತುಂಬಿಸಿಕೊಂಡ.

ಆಯ್ದು, ಸಿಪ್ಪೆ ಬಿಡಿಸಿ ಮುಗಿಸುವಷ್ಟರಲ್ಲಿ ನನ್ನ ಉಗುರುಗಳೆಲ್ಲ ಕಪ್ಪಾದವು. ಮೊಳೆಯನ್ನು ಅಜ್ಜಿ ಕೆರೆಗೆ ಎಸೆದಳು. ಹಣ್ಣಿನ ಚೀಲಗಳು ಬೆಳಗ್ಗೆಯೂ ತುಂಬಿಯೇ ಇದ್ದವು.

ಅಲ್ಲಿಂದ ಕೊರಟಗೆರೆ ಕಡೆಗೆ ಬಂದೆವು. ಸಾಧಾರಣ ಮರ, ಸುತ್ತ ಇನ್ನೂ ನಾಲ್ಕಾರು. ಇಬ್ಬನಿ ಆರುವುದನ್ನು ಕಾಯುತ್ತಿದ್ದಾಗ ಅಜ್ಜಿಯ ಫೋನು ಬಂತು. ದಿನಾ ಮಧ್ಯಾಹ್ನ ಉಪ್ಪು ತಗೊಂಡು ಮರದ ಹತ್ತಿರ ಹೋಗುತ್ತಾಳಂತೆ, ದಿನಾ ಜಗಳವಂತೆ, ಬಹಳ ಚೆನ್ನಾಗಿದೆಯಂತೆ. ಅಕ್ಕ ನಿನ್ನ ಓರಗಿತ್ತಿಯನ್ನು ಕೇಳುತ್ತಿದ್ದಳು, ಆ ಮಗು ಹೇಗಿದೆ ಅಂತ ಅಂದಳು. ನನ್ನನ್ನು ಕೇಳಲಿಲ್ಲವಾ ಅಂದೆ. ಅಜ್ಜಿ ಸ್ವಲ್ಪ ಯೋಚಿಸಿ, ಇಲ್ಲ ಕಣಮ್ಮಿ ಅಂದಳು.

ಫೋನು ಇಟ್ಟೆ. ಹೊಟ್ಟೆಯಲ್ಲಿ ಹಳೇ ಉರಿ ಬುಗ್ಗೆಂದಿತು. ಬಿಸಿಲು ಏರಿತ್ತು. ಕಾಲು ಅಭ್ಯಾಸಬಲದಿಂದ ಬುಡದ ಕಡೆ ನಡೆಯಿತು. ಅರ್ಧ ದಾರಿಗೆ ನೆನಪಾಗಿ ನಿಂತೆ. ಓರಗಿತ್ತಿ ಆಗಲೇ ಅಲ್ಲಿ ಸೆರಗು ಹರವಿ ಕೂತಿದ್ದಳು, ಮರ ಹತ್ತುವವಳು, ಈಗ ಕೂರುವವಳೂ ಅವಳೇ. ನನ್ನ ಗಂಡ ಮೇಲಿನಿಂದ ಕೊಂಬೆ ಜಾಡಿಸಿದರು. ಹಣ್ಣೆಲ್ಲ ಅವಳ ಮಡಿಲಿಗೆ ಬಿತ್ತು. ನಾನು ಟಾರ್ಪಾಲಿನ ಮೂಲೆ ಸರಿಮಾಡುವವಳಂತೆ ಬೇರೆ ಕಡೆ ತಿರುಗಿದೆ.

“ಅಕ್ಕಯ್ಯಾ.”

ಮೊದಲ ಹಣ್ಣನ್ನು ಅವಳು ಎರಡಾಗಿ ಮುರಿದು ಉಪ್ಪು ಹಚ್ಚಿದ್ದಳು. ಒಂದು ತುಂಡನ್ನು ಬುಡಕ್ಕಿಟ್ಟಳು. ಇನ್ನೊಂದನ್ನು ನನ್ನ ಕಡೆ ಚಾಚಿದಳು. ನನಗೆ ಚಾಚಿದ್ದೇ ದೊಡ್ಡ ತುಂಡು. ಬೇಕಂತಲೇ ದೊಡ್ಡದಾಗಿ ಮುರಿದದ್ದು.

ನೋಡಿ ನನಗೆ ಎಂಥಾ ಹೊಟ್ಟೆಕಿಚ್ಚಾಯಿತು ಅಂದರೆ, ಇಷ್ಟು ಒಳ್ಳೆಯತನ ಇವಳಿಗೆ ಎಲ್ಲಿಂದ ಬಂತು, ದೊಡ್ಡ ತುಂಡು ಕೊಡುವುದು ನನಗೆ ಯಾಕೆ ಮೊದಲು ಹೊಳೆಯಲಿಲ್ಲ ಅಂತ. ಅವಳ ಪಕ್ಕದಲ್ಲಿ ಕೂತೆ. ಸ್ವಲ್ಪ ಆಚೆ ಸರಿಯೇ ಅಂದೆ. ಸರಿದಳು. ತಿಂದೆ.